ಒಳಗೆ ಬಿಟ್ಟ ಎರಡು ಇಂಚು

ಡಿಪೋದ ಡಾಕ್ಟರಮ್ಮನ ಟೇಪೇ ಸರಿಯಿಲ್ಲ ಎಂದು ಡ್ರೈವರ ವಾದಕ್ಕೆ ನಿಂತ.

“ನಲವತ್ತೊಂದು,” ಎಂದಿದ್ದರು ಡಾಕ್ಟರಮ್ಮ.

“ಮೂವತ್ತೆರಡು ಮೇಡಂ. ಮದುವೇಲೂ ಮೂವತ್ತೆರಡು, ಇವತ್ತಿಗೂ ಮೂವತ್ತೆರಡು. ಬೇಕಿದ್ರೆ ಪ್ಯಾಂಟಿನ ಒಳಗೇ ಇದೆ, ನೋಡಿ.”

ಅವನು ಸೊಂಟಪಟ್ಟಿ ಮಡಚಿ ತೋರಿಸಿದ. ಸುಳ್ಳಲ್ಲ. ಒಳಗೆ ಒಂದು ಚಿಕ್ಕ ಬಿಳಿ ಬಟ್ಟೆ, ಅದರ ಮೇಲೆ ಕೆಂಪು ದಾರದಲ್ಲಿ ಮೂವತ್ತೆರಡು ಎಂಬ ಅಂಕಿ ಮುದ್ದಾಗಿ ಕೂತಿತ್ತು.

“ಇದನ್ನ ಹೊಲಿದೋರು ಯಾರು?”

“ನಮ್ಮಪ್ಪ. ನಲವತ್ತೈದು ವರ್ಷದಿಂದ ಟೈಲರ್. ಅವರ ಅಳತೆ ತಪ್ಪಿದ್ದನ್ನ ಈ ಊರಲ್ಲಿ ಯಾರೂ ನೋಡಿಲ್ಲ.”

“ಮತ್ತೆ ಈ ಹೊಟ್ಟೆ?”

“ಅದು ಗಾಳಿ ಮೇಡಂ. ಎಂಟು ಗಂಟೆ ಕೂತೇ ಇರ್ತೀವಲ್ಲ, ಗಾಳಿ ತುಂಬ್ಕೊಳ್ಳುತ್ತೆ.”

ಡಾಕ್ಟರಮ್ಮ ನಗಲಿಲ್ಲ. ಟೇಪು ಸುತ್ತಿಟ್ಟು, ಮೇಜಿನ ಮೇಲಿದ್ದ ರಿಪೋರ್ಟು ಅವನ ಕಡೆ ತಿರುಗಿಸಿದರು. “ನಿಮ್ಮಪ್ಪನ ಅಳತೆ ಅವರ ಹತ್ರ ಇರ್ಲಿ. ನಿಮ್ಮ ರಕ್ತದ ಅಳತೆ ನನ್ನ ಹತ್ರ ಇದೆ. ಖಾಲಿ ಹೊಟ್ಟೇಲಿ ಸಕ್ಕರೆ ಇನ್ನೂರ ಹದಿನೆಂಟು. ನೀವೊಬ್ರೇ ಅಲ್ಲ, ಈ ಡಿಪೋದಲ್ಲಿ ಹತ್ತು ಜನರಲ್ಲಿ ನಾಲ್ಕು ಜನದ್ದು ಇದೇ ಕಥೆ. ಕೂತ್ಕೊಂಡು ಹೊಗೆ ಕುಡೀತೀರಿ, ಬಸ್ ನಿಂತಾಗ ಟೀ ಕುಡೀತೀರಿ, ನಡಿಯೋದು ಮಾತ್ರ ಪ್ಯಾಸೆಂಜರು. ಎಂಟು ವಾರ ಕೊಡ್ತೀನಿ. ಮಾತ್ರೆ ತಗೊಳ್ಳಿ, ಊಟ ಸರಿ ಮಾಡ್ಕೊಳ್ಳಿ, ದಿನಾ ಅರ್ಧ ಗಂಟೆ ನಡೀರಿ. ಸಕ್ಕರೆ ನೂರ ನಲವತ್ತರ ಒಳಗೆ ಬರ್ಲಿಲ್ಲ ಅಂದ್ರೆ ಸ್ಟೇರಿಂಗ್ ಮುಟ್ಟೋ ಹಾಗಿಲ್ಲ. ಗೇಟಲ್ಲಿ ಕೂತು ಬಸ್ ನಂಬರ್ ಬರ್ಕೊಳ್ಳೋ ಕೆಲಸ.”

ಗಾಳಿಯ ಮಾತು ಅಲ್ಲಿಗೆ ನಿಂತಿತು. ಸಂಬಳ ಎರಡಕ್ಕೂ ಒಂದೇ. ಆದರೆ ಇಪ್ಪತ್ತು ವರ್ಷ ಈ ಊರಿನ ಕಿರಿದಾದ ಮಾರುಕಟ್ಟೆ ಬೀದಿಯಲ್ಲಿ, ಎರಡೂ ಕಡೆ ತರಕಾರಿ ಗಾಡಿಗಳ ಒಂದು ಸೊಪ್ಪಿನೆಲೆಗೂ ತಾಗದಂತೆ ಬಸ್ಸು ನುಗ್ಗಿಸಿದವನು, ಗೇಟಿನಲ್ಲಿ ಕೂತು ಬೇರೆಯವರು ಓಡಿಸುವ ಬಸ್ಸಿನ ನಂಬರು ಬರೆಯುವುದೆಂದರೆ! ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಅವನ ಬಸ್ಸು ದಿನವೂ ಬೆಳಿಗ್ಗೆ ಎಂಟೂಕಾಲಿಗೆ ಅವನ ಮನೆಯ ಕೆಳಗೇ ಹಾದುಹೋಗುತ್ತಿತ್ತು. ಹಾರ್ನ್ ಮಾಡಬಾರದೆಂಬ ಬೋರ್ಡಿನ ಕೆಳಗೆ ಅವನು ಎರಡು ಸಲ ಹಾರ್ನ್ ಮಾಡುತ್ತಿದ್ದ. ಮೂರನೇ ಮಹಡಿಯ ಕಿಟಕಿಗೆ ಅವನ ತಾಯಿ ಓಡಿಬಂದು ಕೈಯಲ್ಲಿ ಏನಿದೆಯೋ ಅದನ್ನೇ ಬೀಸುತ್ತಿದ್ದಳು: ಒಂದು ದಿನ ಸೌಟು, ಒಂದು ದಿನ ಪೊರಕೆ, ಒಮ್ಮೆ ಅರ್ಧ ಹಿಂಡಿದ ಅಂಗಿ. ಆ ಬಸ್ಸಿನ ಖಾಯಂ ಪ್ಯಾಸೆಂಜರುಗಳು ಇವತ್ತು ಏನು ಬೀಸುತ್ತಾಳೆಂದು ಕತ್ತೆತ್ತಿ ನೋಡುವಷ್ಟು ಇದು ರೂಢಿಯಾಗಿಬಿಟ್ಟಿತ್ತು.

ಮನೆಯೆಂದರೆ ಎರಡು ಕೋಣೆ, ಒಂದು ಅಡುಗೆಮನೆ. ಕೆಳಗೆ ಮೋಟಾರು ಸೈಕಲ್ ರಿಪೇರಿ ಅಂಗಡಿ. ಅದರ ಹೊಗೆಗೆ ಬಾಡಿಗೆ ಕೊಡುವ ಗೊಡವೆಯಿಲ್ಲ, ನೇರ ಮೇಲೆ ಬರುತ್ತಿತ್ತು. ಕಿಟಕಿಯ ಪಕ್ಕ ಡ್ರೈವರನ ಅಪ್ಪನ, ಅಂದರೆ ಮನೆಯ ತಾತನ, ಹೊಲಿಗೆ ಮಷೀನು. ಎಪ್ಪತ್ತೊಂದು ವರ್ಷದ ತಾತ ಈಗ ಹೊರಗಿನ ಕೆಲಸ ಕಡಿಮೆ ಮಾಡಿದ್ದ. ಮನೆಯವರ ಬಟ್ಟೆ ಮಾತ್ರ ಬೇರೆ ಕೈಗೆ ಕೊಡುತ್ತಿರಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಡ್ರೈವರ ವಿಷಯ ಹೇಳಿದ. ಅವನ ತಾಯಿ, ಮನೆಯ ಅಜ್ಜಿ, ಹಿಡಿದಿದ್ದ ಸೌಟು ಅನ್ನದ ಪಾತ್ರೆಯ ಮೇಲೆ ಹಾಗೇ ನಿಂತಿತು. ದೊಡ್ಡಾಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುವ ಅವನ ಹೆಂಡತಿ, ಮನೆಯ ಸೊಸೆ, ರಿಪೋರ್ಟು ಕೈಗೆತ್ತಿಕೊಂಡು ಮೇಲಿಂದ ಕೆಳಗೆ ಓದಿದಳು. ಹದಿಮೂರು ವರ್ಷದ ಮೊಮ್ಮಗಳು ಮಾತ್ರ ನೇರ ವಿಷಯಕ್ಕೆ ಬಂದಳು. ಈ ಹುಡುಗಿಗೆ ಅಪ್ಪನೇ ಇಟ್ಟ ಅಡ್ಡಹೆಸರು ಚೆಕಿಂಗ್. ಟಿಕೆಟ್ ತಪಾಸಣೆಯವರ ಹಾಗೆ ಯಾವಾಗ ಹತ್ತುತ್ತಾಳೆ, ಏನು ಕೇಳುತ್ತಾಳೆ, ಹೇಳಲಾಗದು.

“ಅಪ್ಪಾ, ನಲವತ್ತೊಂದು ಇರೋ ಹೊಟ್ಟೆ ಮೂವತ್ತೆರಡರ ಪ್ಯಾಂಟೊಳಗೆ ಹೇಗೆ ಹೋಗುತ್ತೆ?”

ಎಲ್ಲರೂ ತಾತನ ಕಡೆ ನೋಡಿದರು. ತಾತ ತಟ್ಟೆಯಲ್ಲಿದ್ದ ಬೇಳೆಯನ್ನು ಬಹಳ ಗಮನವಿಟ್ಟು ಕಲಸತೊಡಗಿದ.

“ಅಪ್ಪಾ?” ಎಂದ ಡ್ರೈವರ.

“ಅದು ಗುರುತು ಕಣೋ, ಅಳತೆ ಅಲ್ಲ. ಒಗೆಯೋವಾಗ ನಂದು ನಿಂದು ಅದಲು ಬದಲು ಆಗ್ಬಾರ್ದು ಅಂತ ಹಾಕಿದ್ದು. ನಂದು ಮೂವತ್ತು, ನಿಂದು ಮೂವತ್ತೆರಡು. ಗುರುತು ಯಾಕೆ ಬದಲಾಯಿಸ್ಬೇಕು?”

“ಮತ್ತೆ ಪ್ಯಾಂಟು?”

“ಹಿಂದಿನ ಹೊಲಿಗೇಲಿ ಎರಡು ಇಂಚು ಬಟ್ಟೆ ಒಳಗೆ ಬಿಟ್ಟಿರ್ತೀನಿ. ಬಿಗಿ ಆಯ್ತು ಅನ್ಸಿದಾಗ ಬಿಚ್ಚಿ ಸ್ವಲ್ಪ ಸಡಿಲ ಮಾಡ್ತಿದ್ದೆ. ಹೊಸಾದು ಹೊಲಿಯೋವಾಗ ಕಣ್ಣಳತೇಲಿ ಒಂದು ಇಂಚು ಮುಂದೆ ಹೋಗ್ತಿದ್ದೆ. ಅಷ್ಟೇ.”

“ಎಷ್ಟು ವರ್ಷದಿಂದ?”

“ನಿನ್ನ ಮದುವೆ ಆದ್ಮೇಲಿಂದ.”

“ಹದಿನಾರು ವರ್ಷ ನನಗೆ ಹೇಳದೆ!” ಡ್ರೈವರನ ದನಿ ಏರಿತು. “ಡಿಪೋದಲ್ಲೆಲ್ಲ ಮೂವತ್ತೆರಡು ಮೂವತ್ತೆರಡು ಅಂತ ಎದೆ ತಟ್ಕೊಂಡು ಬಂದಿದ್ದೀನಿ!”

“ಎದೆ ಸರಿಯಾಗೇ ಇದೆ ರೀ, ಅದರ ಕೆಳಗಿಂದೇ ತಕರಾರು,” ಎಂದಳು ಸೊಸೆ. ನಗಬಾರದೆಂದು ತುಟಿ ಕಚ್ಚಿಕೊಂಡಿದ್ದರೂ ಆಗಲಿಲ್ಲ.

ತಾತ ತಟ್ಟೆ ಸರಿಸಿದ. “ಇವನು ಹುಟ್ಟಿದಾಗ ಒಂದೂಮುಕ್ಕಾಲು ಕೇಜಿ. ಹತ್ತು ವರ್ಷದ ತನಕ ಇವನ ಚಡ್ಡಿ ನಿಲ್ಲೋಕೆ ದಾರ ಕಟ್ಟಿದ್ದೀನಿ. ಎರಡು ಹೊತ್ತಿನ ಊಟ ಸರಿಯಾಗಿ ಹಾಕೋಕೆ ಆಗ್ಲಿಲ್ಲ ನನ್ ಕೈಲಿ. ಇವನ ಸೊಂಟಕ್ಕೆ ಒಂದೊಂದು ಇಂಚು ಬಂದಾಗ್ಲೂ ನಂಗೆ ಖುಷಿ ಆಗ್ತಿತ್ತು. ತಪ್ಪಾ?”

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಸುಮ್ಮನೆ ಹೇಳಿಲ್ಲ. ಆ ಹೆಗ್ಗಣ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತಿತ್ತು. ಸಿಟ್ಟು ಮಾಡಬೇಕೋ ಅಳಬೇಕೋ ಅದಕ್ಕೆ ತಿಳಿಯಲಿಲ್ಲ.

“ತಪ್ಪಲ್ಲ ಅಪ್ಪಾ,” ಎಂದ ಕೊನೆಗೆ. “ಆದ್ರೆ ಇನ್ಮೇಲೆ ಬಿಚ್ಬೇಡ. ಸೂಜಿ ಚುಚ್ಚಿ ಸಕ್ಕರೆ ನೋಡ್ಕೊಳ್ಳೋಕೆ ನನ್ ಕೈಲಿ ಆಗಲ್ಲ. ನನ್ನ ಪ್ಯಾಂಟೇ ನನ್ನ ಅಳತೆ. ಸಡಿಲ ಆದ್ರೆ ಇಳೀತಿದೆ ಅಂತ ಅರ್ಥ.”

ಟೈಲರನ ಮಗ ಸೂಜಿಗೆ ಹೆದರುವುದು ಆ ಮನೆಯ ಹಳೆಯ ತಮಾಷೆ.

“ಒಂದು ಹೊಲಿಗೆಯನ್ನೂ ಬಿಚ್ಚಲ್ಲ. ಮಷೀನಿನ ಮೇಲೆ ಆಣೆ,” ಎಂದ ತಾತ.

ಮಾರನೇ ದಿನದಿಂದ ಅಡುಗೆಮನೆಯಲ್ಲಿ ಯುದ್ಧ. ಸೊಸೆ ಆಸ್ಪತ್ರೆಯಿಂದ ಒಂದು ಚಿತ್ರ ತಂದು ಗೋಡೆಗೆ ಅಂಟಿಸಿದಳು: ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಬೇಳೆ ಮೊಟ್ಟೆ, ಕಾಲು ಭಾಗ ಮಾತ್ರ ಅನ್ನ.

“ಇದು ಊಟಾನಾ, ನಕ್ಷೆನಾ?” ಎಂದಳು ಅಜ್ಜಿ. “ನಲವತ್ಮೂರು ವರ್ಷ ಸಾಕಿದ್ದೀನಿ ಇವನ್ನ. ಈಗ ನನ್ನ ಕೈ ಅನ್ನ ವಿಷ ಆಯ್ತಾ?”

“ವಿಷ ಅಂದೋರು ಯಾರು ಅತ್ತೆ? ಎರಡನೇ ಸಲ ಹಾಕ್ಬೇಡಿ ಅಂದೆ.”

“ಎರಡನೇ ಸಲ ಹಾಕ್ದೇ ಇದ್ರೆ ಅದು ಬಡಿಸೋದಾ? ಹೋಟೆಲಲ್ಲಿ ತಿಂದ ಹಾಗೆ!”

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಈ ಮನೆಯಲ್ಲಿ ಊಟ ಬಲ್ಲವರೂ ಇರಲಿಲ್ಲ, ಮಾತು ಬಲ್ಲವರೂ ಇರಲಿಲ್ಲ. ನಾಲ್ಕನೇ ದಿನ ಚೆಕಿಂಗ್ ಅಪ್ಪನ ಟೀ ಲೋಟಕ್ಕೆ ಬೆರಳದ್ದಿ ನೆಕ್ಕಿ, “ಸಿಹಿ!” ಎಂದು ಕೂಗಿದಳು.

“ಒಂದೇ ಚಮಚ ಕಣೆ,” ಎಂದಳು ಅಜ್ಜಿ. “ಅದು ಲೆಕ್ಕಕ್ಕಿಲ್ಲ.”

“ದಿನಕ್ಕೆ ನಾಲ್ಕು ಟೀ ಅಜ್ಜಿ. ತಿಂಗಳಿಗೆ ಎಷ್ಟಾಯ್ತು ಗೊತ್ತಾ?” ಹುಡುಗಿ ಸಕ್ಕರೆ ಡಬ್ಬಿ ತೆಗೆದು ನೂರ ಇಪ್ಪತ್ತು ಚಮಚ ಎಣಿಸಿ ಪಾತ್ರೆಗೆ ಸುರಿಯಲು ಹೊರಟಳು. ಐವತ್ತಕ್ಕೇ ಡಬ್ಬಿ ಖಾಲಿ. ಪಾತ್ರೆಯಲ್ಲಿ ಗುಡ್ಡೆಯಾಗಿ ನಿಂತ ಸಕ್ಕರೆಯನ್ನು ಅಜ್ಜಿ ನೋಡಿದಳು, ಮಗನ ಹೊಟ್ಟೆಯನ್ನು ನೋಡಿದಳು, ಒಳಗೆ ಹೋದಳು.

ಸೊಸೆಗೆ ಹಿರಿಯರ ಮನಸ್ಸು ಗೊತ್ತಿತ್ತು. ವಾರ್ಡಿನಲ್ಲಿ ದಿನವೂ ನೋಡುವುದು ಅದನ್ನೇ. ಹಿಂದೆಯೇ ಹೋಗಿ ದೊಡ್ಡ ಸೌಟನ್ನು ತೆಗೆದಿಟ್ಟು, ಚಿಕ್ಕ ಸೌಟನ್ನು ಅತ್ತೆಯ ಕೈಗಿತ್ತಳು. “ಅತ್ತೆ, ನಾನು ಎಂಟು ಗಂಟೆಗೆ ಡ್ಯೂಟಿಗೆ ಹೋಗೋಳು. ಇವರನ್ನ ಉಳಿಸೋದು ನನ್ನ ಕೈಲಿಲ್ಲ, ನಿಮ್ಮ ಕೈಲಿದೆ. ಈ ಮನೆ ಡಾಕ್ಟ್ರು ನೀವೇ.”

ಅಧಿಕಾರ ಸಿಕ್ಕಿದ್ದೇ ತಡ, ಅಜ್ಜಿ ಡಾಕ್ಟರಮ್ಮನನ್ನೂ ಮೀರಿಸಿದಳು. ಮರುದಿನ ಮಗ ಇನ್ನೊಂದು ಚೂರು ಅನ್ನ ಕೇಳಿದರೆ, “ಸೌಟು ಇಷ್ಟೇ,” ಎಂದು ಪಾತ್ರೆಗೆ ಮುಚ್ಚಳ ಹಾಕಿದಳು. ತಾತ ಉಪ್ಪಿಗೆ ಕೈ ಚಾಚಿದರೆ ಕೈಗೊಂದು ಏಟು. ಬೀನ್ಸು, ಸೌತೆ, ಕೋಸು, ಹಾಗಲ ತಟ್ಟೆ ತುಂಬಿ ಚೆಲ್ಲತೊಡಗಿದವು. “ಹಸಿರು ನೋಡಿ ನೋಡಿ ನನ್ನ ಕಣ್ಣೇ ಸರಿ ಆಯ್ತು,” ಎಂದು ತಾತ ಗೊಣಗಿದ. ಯಾರೂ ಕಿವಿಗೊಡಲಿಲ್ಲ.

ಊಟದ್ದು ಹೀಗೆ ದಾರಿಗೆ ಬಂತು. ನಡಿಗೆಯದ್ದು ದೊಡ್ಡ ಫಜೀತಿ. ಮೊದಲ ದಿನ ಡ್ರೈವರ ಬೆಳಗಿನ ಐದೂವರೆಗೆ ಬೀದಿಗಿಳಿದ. ಫುಟ್‌ಪಾತ್ ಮೇಲೆ ರಿಪೇರಿಗೆ ಬಂದ ಮೋಟಾರು ಸೈಕಲ್ಲುಗಳು, ಅದು ಮುಗಿದ ಕಡೆ ತೆರೆದ ಚರಂಡಿ, ಚರಂಡಿ ದಾಟಿದರೆ ನಾಯಿಗಳ ಸಂಸಾರ. ಪಾರ್ಕಿಗೆ ಹೋದ, ಗೇಟಿಗೆ ಬೀಗ, ಏಳಕ್ಕೆ ತೆಗೆಯುವುದಂತೆ. ಏಳಕ್ಕೆ ಅವನ ಡ್ಯೂಟಿ. ಮೂರನೇ ದಿನ ಹಿಂದಿನಿಂದ ಬಂದ ಹಾಲಿನ ವ್ಯಾನು ಅವನ ತೋಳು ಸವರಿಕೊಂಡು ಹೋಯಿತು.

“ಇಪ್ಪತ್ತು ವರ್ಷ ಬಸ್ ಓಡಿಸಿದ್ದೀನಿ, ಒಂದು ಗೀರು ಬಿದ್ದಿಲ್ಲ,” ಎಂದ ಮನೆಗೆ ಬಂದು. “ನಡೆಯೋಕೆ ಹೋಗಿ ಸಾಯ್ತಿದ್ದೆ! ಈ ಊರು ಕಾಲಿರೋರಿಗೆ ಕಟ್ಟಿದ್ದಲ್ಲ.”

ಉಪಾಯ ಹೊಳೆದದ್ದು ಅವನ ಕಂಡಕ್ಟರನಿಗೆ. ಬಸ್ಸು ಕೊನೆಯ ನಿಲ್ದಾಣ ಮುಟ್ಟಿದ ಮೇಲೆ ಪ್ರತಿ ಸಲವೂ ಹತ್ತು ನಿಮಿಷ ಬಿಡುವು. ದಿನಕ್ಕೆ ಆರು ಸಲ. ಆ ಹತ್ತು ನಿಮಿಷ ಇಷ್ಟು ದಿನ ಟೀ ಅಂಗಡಿಯ ಪಾಲಾಗುತ್ತಿತ್ತು.

“ಅಣ್ಣಾ, ಬೀದಿ ಯಾಕೆ? ಬಸ್ಸೊಳಗೇ ನಡಿ. ನೆರಳಿದೆ, ನಾಯಿ ಇಲ್ಲ, ಜಾರಿದ್ರೆ ಹಿಡ್ಕೊಳ್ಳೋಕೆ ಕಂಬಿ ಇದೆ.”

ಸ್ಟೇರಿಂಗಿನಿಂದ ಹಿಂದಿನ ಸೀಟಿಗೆ ಹದಿನಾಲ್ಕು ಹೆಜ್ಜೆ. ಹೋಗಿ ಬಂದರೆ ಇಪ್ಪತ್ತೆಂಟು. ಡ್ರೈವರ ಖಾಲಿ ಬಸ್ಸಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯತೊಡಗಿದ. ಕಂಡಕ್ಟರ ಮೆಟ್ಟಿಲ ಮೇಲೆ ಕೂತು, “ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ,” ಎಂದು ಖಾಲಿ ಬಸ್ಸಿಗೆ ಕೂಗುತ್ತಿದ್ದ. ಬೇಗ ಬಂದು ಸೀಟು ಹಿಡಿದ ಒಬ್ಬ ಮುದುಕಿ ಮೂರು ದಿನ ನೋಡಿ ತಡೆಯಲಾರದೆ ಕೇಳಿದಳು: “ಏನಪ್ಪಾ, ಬಸ್ಸು ನಿಂತಿದ್ರೂ ನೀನು ನಡ್ಕೊಂಡೇ ಊರು ಸೇರೋ ಹಾಗಿದೆ?”

“ಸಕ್ಕರೆ ಅಜ್ಜಿ.”

“ನಂಗೂ ಇದೆ.” ಮುದುಕಿ ಎದ್ದು ಸೆರಗು ಬಿಗಿದು ಅವನ ಹಿಂದೆ ಹೊರಟಳು. ವಾರ ಕಳೆಯುವುದರಲ್ಲಿ ಹಿಂದೆ ಐದಾರು ಜನ. ತಿರುಗುವ ಕಡೆ ಟ್ರಾಫಿಕ್ ಜಾಮ್ ಆಗಿ ಕಂಡಕ್ಟರ ಸೀಟಿ ಊದಬೇಕಾಯಿತು.

ನಾಲ್ಕು ವಾರವಾಯಿತು. ಡ್ರೈವರ ದಿನವೂ ಬೆಳಿಗ್ಗೆ ಪ್ಯಾಂಟು ಹಾಕಿಕೊಂಡು ಸೊಂಟಪಟ್ಟಿಯೊಳಗೆ ಎರಡು ಬೆರಳು ತೂರಿಸಿ ನೋಡುತ್ತಿದ್ದ. ಬೆರಳು ಹೋಗುತ್ತಿರಲಿಲ್ಲ. ಐದನೇ ವಾರವೂ ಹೋಗಲಿಲ್ಲ. ಅವನ ಮುಖ ದಿನದಿಂದ ದಿನಕ್ಕೆ ಸಪ್ಪಗಾಯಿತು.

“ಹಾಗೇ ಇದೆ ಕಣೆ,” ಎಂದ ಹೆಂಡತಿಗೆ. “ಐದು ವಾರ ಹುಲ್ಲು ತಿಂದಿದ್ದೀನಿ. ಒಂದು ದಾರದಷ್ಟೂ ಇಳಿದಿಲ್ಲ.”

“ಕೆನ್ನೆ ಇಳಿದಿದೆ ರೀ.”

“ಕೆನ್ನೆ ಇಟ್ಕೊಂಡು ಬಸ್ ಓಡಿಸ್ಲಾ?”

“ಹಾಗಾದ್ರೆ ಒಂದ್ಸಲ ಬೆರಳು ಚುಚ್ಚಿ ನೋಡೋಣ. ಒಂದು ಹನಿ ಸಾಕು.”

“ಸೂಜಿ ಮಾತು ಎತ್ಬೇಡ.” ಅವನು ಬಾಗಿಲು ದಡಾರನೆ ಎಳೆದುಕೊಂಡು ಹೋದ.

ಆ ದಿನ ನಿಲ್ದಾಣದಲ್ಲಿ ಅವನು ನಡೆಯಲಿಲ್ಲ. ನೇರ ಟೀ ಅಂಗಡಿಗೆ ಹೋಗಿ ಎರಡು ಸಿಹಿ ಟೀ ಕುಡಿದು, ಎಣ್ಣೆ ಜಿನುಗುವ ಕರಿದ ತಿಂಡಿ ಆರು ತಿಂದ. ಹಿಂದೆ ನಡೆಯಲು ಬಂದವರು ಬಸ್ಸಿನಲ್ಲಿ ಕಾದು ಕಾದು ಕೂತುಬಿಟ್ಟರು. ಸಂಜೆ ಮನೆಗೆ ಬಂದವನ ಅಂಗಿಯ ಜೇಬನ್ನು ಚೆಕಿಂಗ್ ಮೂಸಿ ನೋಡಿದಳು; ಕೂಗಲಿಲ್ಲ, ಹೋಗಿ ಪುಸ್ತಕ ಹಿಡಿದಳು. ಅವನಿಗೆ ನಾಟಿದ್ದು ಅದೇ. ಊಟ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿದ. ಅಜ್ಜಿ ಚಿಕ್ಕ ಸೌಟನ್ನು ತೆಗೆದಿಟ್ಟು, ಅನ್ನದ ಪಾತ್ರೆ ಮುಚ್ಚಿದಳು.

ತಾತ ಮಾತ್ರ ಅಂದು ಅರ್ಧ ಊಟಕ್ಕೇ ಎದ್ದುಬಿಟ್ಟ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಎರಡು ದಿನ ಬಿಟ್ಟು ಭಾನುವಾರ. ಬೆಳಿಗ್ಗೆ ಡ್ರೈವರ ಸ್ಟೂಲಿನ ಮೇಲೆ ಒಂದು ಪಕ್ಕಕ್ಕೆ ವಾಲಿ ಕೂತು ಟೀ ಕುಡಿಯುತ್ತಿದ್ದ.

“ಯಾಕ್ರೀ ಹೀಗೆ ಕೂತಿದ್ದೀರಿ?”

“ಹಿಂದೆ ಏನೋ ಒತ್ತುತ್ತೆ. ಡ್ರೈವಿಂಗ್ ಸೀಟಲ್ಲಂತೂ ಕೂರೋಕೇ ಆಗಲ್ಲ. ಒಂದು ವಾರ ಆಯ್ತು.”

ಸೊಸೆ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟು ಹತ್ತಿರ ಬಂದಳು. ಸಕ್ಕರೆ ಇರುವವರಿಗೆ ಒಂದು ಚಿಕ್ಕ ಗುಳ್ಳೆ ಎದ್ದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವಳು ವಾರ್ಡಿನಲ್ಲಿ ಕಣ್ಣಾರೆ ಕಂಡವಳು. “ಒಂದು ವಾರದಿಂದ ಹೇಳಿಲ್ವಾ! ಕುರು ಆಗಿದ್ರೆ ಏನ್ ಗತಿ? ಏಳಿ, ಒಳಗೆ ಬನ್ನಿ, ನೋಡ್ಬೇಕು.”

“ಅಯ್ಯೋ, ಬಿಡೇ, ಅಮ್ಮ ಮಗಳು ಎಲ್ಲ ಇದ್ದಾರೆ...”

“ಏಳ್ರೀ!”

ಅವನನ್ನು ದಬ್ಬಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿದಳು. ಅಜ್ಜಿ ಬಾಗಿಲಿಗೆ ಕಿವಿ ಹಚ್ಚಿದಳು. ಅಜ್ಜಿಯ ಬೆನ್ನಿಗೆ ಚೆಕಿಂಗ್. ತಾತ ಮಷೀನಿನ ಪಕ್ಕದಿಂದ ಮೆಲ್ಲನೆ ಎದ್ದು ಚಪ್ಪಲಿ ಹುಡುಕತೊಡಗಿದ.

ಒಳಗಿಂದ ಎರಡು ನಿಮಿಷ ಸದ್ದಿಲ್ಲ. ಆಮೇಲೆ ಸೊಸೆಯ ನಗು. ಮೊದಲು ಸಣ್ಣಗೆ, ಆಮೇಲೆ ಉಸಿರು ಕಟ್ಟುವ ಹಾಗೆ. ಬಾಗಿಲು ತೆಗೆದವಳ ಕೈಯಲ್ಲಿ ಒಳಗಡೆ ಹೊರಗೆ ಮಾಡಿದ ಖಾಕಿ ಪ್ಯಾಂಟು. ಅವಳ ಹಿಂದೆ ಟವೆಲ್ ಸುತ್ತಿಕೊಂಡ ಡ್ರೈವರ.

“ಕುರು ಇಲ್ಲ ಅತ್ತೆ, ಏನೂ ಇಲ್ಲ. ಇಲ್ನೋಡಿ, ಕುರು ಇರೋದು ಇಲ್ಲಿ!”

ಪ್ಯಾಂಟಿನ ಹಿಂದಿನ ಹೊಲಿಗೆಯಲ್ಲಿ ಬಟ್ಟೆ ಮುದ್ದೆಯಾಗಿ ಬೆರಳು ಗಾತ್ರ ಉಬ್ಬಿತ್ತು. ಚೆಕಿಂಗ್ ಅದನ್ನು ಬಿಡಿಸಿ ಬೆಳಕಿಗೆ ಹಿಡಿದಳು. ಹಳೆಯ ಹೊಲಿಗೆ ಹಾಗೇ ಇತ್ತು. ಅದರ ಒಳಗಡೆ ಇನ್ನೊಂದು ಹೊಲಿಗೆ. ಅದರ ಒಳಗೆ ಮತ್ತೊಂದು. ಹುಡುಗಿ ಎಣಿಸಿದಳು: ಐದು ವಾರಕ್ಕೆ ಐದು ಸಾಲು, ಒಂದೊಂದೂ ಕಾಲಂಗುಲಕ್ಕಿಂತ ಚೂರು ಕಡಿಮೆ. ಗೂಟಕ್ಕೆ ನೇತುಹಾಕಿದ್ದ ಇನ್ನೊಂದು ಪ್ಯಾಂಟು ತಂದು ನೋಡಿದರೆ ಅದರಲ್ಲೂ ಐದು.

“ತಾತಾ, ಚಪ್ಪಲಿ ಬಿಡಿ. ಇಲ್ಲಿ ಬನ್ನಿ,” ಎಂದಳು.

ತಾತ ಬಂದ.

“ಮಷೀನಿನ ಮೇಲೆ ನೀನು ಆಣೆ ಹಾಕಿದ್ದೆ ಅಪ್ಪಾ,” ಎಂದ ಡ್ರೈವರ.

“ಬಿಚ್ಚಲ್ಲ ಅಂತ ಆಣೆ ಹಾಕಿದ್ದೆ. ಒಂದು ಹೊಲಿಗೆ ಬಿಚ್ಚಿದ್ರೆ ಹೇಳು. ಬಿಚ್ಚೋ ಹಾಗಿಲ್ವಲ್ಲ, ಅದಕ್ಕೇ ಅದರ ಮೇಲೇ ಬಿಗಿಯಾಗಿ ಹಿಡಿದು ಹೊಲಿದೆ. ಅದಕ್ಕೇ ಗಂಟಾಯ್ತು. ಬಿಚ್ಚಿ ಹೊಲಿದಿದ್ರೆ ನಿಂಗೆ ಗೊತ್ತೂ ಆಗ್ತಿರ್ಲಿಲ್ಲ, ಬೆಣ್ಣೇಲಿ ಕೂದಲು ತೆಗೆದ ಹಾಗೆ ಮಾಡ್ತಿದ್ದೆ.”

“ಆದ್ರೆ ಯಾಕೆ?”

“ಯಾಕೆ ಅಂದ್ರೆ! ಮೊದಲನೇ ವಾರಕ್ಕೇ ಪ್ಯಾಂಟು ಹಿಂದೆ ಸುಕ್ಕು ಬಿತ್ತು. ಟೈಲರ್ ಮಗ ಜೋತು ಬೀಳೋ ಪ್ಯಾಂಟ್ ಹಾಕ್ಕೊಂಡು ಊರೆಲ್ಲ ತಿರುಗಿದ್ರೆ ಜನ ನಿನ್ನ ಬಯ್ಯಲ್ಲ ಕಣೋ, ನನ್ನ ಬಯ್ತಾರೆ. ನೀನು ಸ್ನಾನಕ್ಕೆ ಹೋದಾಗ ಒಂದು ಸಾಲು ಹಾಕಿಬಿಡ್ತಿದ್ದೆ. ನಂಗೆ ಗೊತ್ತೇ ಆಗ್ತಿರ್ಲಿಲ್ಲ, ಕೈ ತಾನಾಗೇ ಹೋಗ್ತಿತ್ತು. ನೀನು ಬೇಜಾರಲ್ಲಿ ಮಲಗಿದ ದಿನ ಹೇಳ್ಬೇಕು ಅಂತ ಬಾಯಿ ತೆಗೆದೆ. ಧೈರ್ಯ ಬರ್ಲಿಲ್ಲ.”

ಅಜ್ಜಿ ಹಣೆ ಚಚ್ಚಿಕೊಂಡಳು. “ನಾನು ಬೇಯಿಸಿ ಬೇಯಿಸಿ ಇಳಿಸೋದು, ನೀವು ಹೊಲಿದು ಹೊಲಿದು ಮುಚ್ಚಿಡೋದು! ಚೆನ್ನಾಗಿದೆ ಸಂಸಾರ!”

ಡ್ರೈವರ ಅಷ್ಟರಲ್ಲಿ ಲೆಕ್ಕ ಹಾಕುತ್ತಿದ್ದ. “ಅಂದ್ರೆ... ನಾನು ಇಳಿದಿದ್ದೀನಾ?”

“ಹತ್ತಿರ ಹತ್ತಿರ ಎರಡು ಇಂಚು,” ಎಂದ ತಾತ.

ಟವೆಲ್ ಒಂದು ಕೈಯಲ್ಲಿ ಹಿಡಿದು ಡ್ರೈವರ ಆ ಎರಡು ಕೋಣೆಯ ಮನೆಯಲ್ಲಿ ಒಂದು ಸುತ್ತು ಕುಣಿದ. ಚೆಕಿಂಗ್ ಜೊತೆಗೆ ಕುಣಿದಳು. ಕೆಳಗಿನ ಮಹಡಿಯವರು ಸೂರಿಗೆ ಕೋಲು ಕುಟ್ಟಿದರು. ಕುಣಿತ ನಿಂತಾಗ ಡ್ರೈವರನಿಗೆ ಒಂದು ವಿಷಯ ಹೊಳೆಯಿತು, ಮುಖ ಗಂಭೀರವಾಯಿತು.

“ಅಪ್ಪಾ, ಈ ಉಳಿದ ಬಟ್ಟೇನ ಕತ್ತರಿಸಿ ತೆಗೆದಿದ್ರೆ ಒತ್ತುತ್ತಲೇ ಇರ್ಲಿಲ್ಲ. ಯಾಕೆ ಕತ್ತರಿಸ್ಲಿಲ್ಲ?”

ತಾತ ಪ್ಯಾಂಟು ತೆಗೆದುಕೊಂಡು ಮಡಚತೊಡಗಿದ.

“ನಾನು ಮತ್ತೆ ದಪ್ಪ ಆಗ್ತೀನಿ ಅಂತ ತಾನೇ?”

“ಕತ್ತರಿಸಿದ ಬಟ್ಟೆ ವಾಪಸ್ ಬರಲ್ಲ ಮಗಾ,” ಎಂದ ತಾತ. “ನಲವತ್ತೈದು ವರ್ಷದಲ್ಲಿ ಯಾರ ಸೊಂಟಾನೂ ಹಿಂದಕ್ಕೆ ಹೋಗಿದ್ದು ನಾನು ನೋಡಿಲ್ಲ.”

ಈ ಮಾತಿನಿಂದ ಡ್ರೈವರನಿಗೆ ನೋವಾಯಿತು. ಅವನು ಜಗಳಕ್ಕೆ ನಿಲ್ಲಲಿಲ್ಲ. “ಸರಿ. ಇನ್ನು ಮೂರು ವಾರ ನನ್ನ ಪ್ಯಾಂಟು ಮುಟ್ಬೇಡ. ಬಿಚ್ಚೋ ಹಾಗೂ ಇಲ್ಲ, ಹಿಡಿಯೋ ಹಾಗೂ ಇಲ್ಲ. ಎಲ್ಲಿಗೆ ಬರುತ್ತೋ ಬರ್ಲಿ,” ಎಂದ. ಸೊಸೆ ಒಳಗಿನ ಐದೈದು ಸಾಲು ಬಿಡಿಸಿ ಎರಡೂ ಪ್ಯಾಂಟನ್ನು ಮೊದಲಿನಂತೆ ಮಾಡಿಕೊಟ್ಟಳು. ಚೆಕಿಂಗ್ ಮಷೀನಿಗೆ ಹೊದಿಕೆ ಹಾಕಿ, ಅದರ ಮೇಲೆ ತನ್ನ ಶಾಲೆಯ ಚೀಲ ಇಟ್ಟು ಕಾವಲು ಕೂತಳು.

ಆ ಮೂರು ವಾರ ತಾತನಿಗೆ ನರಕ. ದಿನವೂ ಕಿಟಕಿಯಲ್ಲಿ ನಿಂತು, ಬೆಲ್ಟು ಬಿಗಿದ ಕಡೆ ಚೀಲದ ಬಾಯಿಯಂತೆ ಸುಕ್ಕುಗಟ್ಟಿದ ಪ್ಯಾಂಟು ಬೀದಿಗಿಳಿಯುವುದನ್ನು ನೋಡಬೇಕು. “ಅಯ್ಯೋ, ಆ ಎಡಗಡೆ ನೋಡು, ಜೋಲು!” ಎಂದು ನರಳುತ್ತಿದ್ದ. “ಕಣ್ಮುಚ್ಕೊಳ್ಳಿ,” ಎನ್ನುತ್ತಿದ್ದಳು ಅಜ್ಜಿ. ಡ್ರೈವರ ಈಗ ಬಿಡುವಿನ ಹತ್ತು ನಿಮಿಷ ಮಾತ್ರವಲ್ಲ, ಮೂರು ಮಹಡಿಯ ಮೆಟ್ಟಿಲನ್ನೂ ಎರಡೆರಡು ಸಲ ಹತ್ತಿಳಿದ. ಬಸ್ಸಿನ ಮುದುಕಿ ತನ್ನ ತಂಗಿಯನ್ನೂ ಕರೆತಂದಳು. ಟೀ ಅಂಗಡಿಯವನು ಸಕ್ಕರೆಯಿಲ್ಲದ ಟೀಗೆ ಬೇರೆ ಕೆಟಲಿಟ್ಟ. ಕೇಳುವವರು ಅಷ್ಟು ಜನ ಆಗಿದ್ದರು.

ಎಂಟನೇ ವಾರ ಪರೀಕ್ಷೆಯ ದಿನ ಸೊಸೆ ರಜೆ ಹಾಕಿ ಜೊತೆಗೆ ಹೋದಳು. ರಕ್ತ ತೆಗೆಯುವಾಗ ಡ್ರೈವರ ಅವಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ನೋವಾದದ್ದು ಅವಳಿಗೆ.

ಮನೆಯಲ್ಲಿ ಮೂವರೂ ಬಾಗಿಲು ತೆಗೆದುಕೊಂಡು ಕಾದಿದ್ದರು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ನಿಧಾನವಾಗಿ ಬರುತ್ತಿತ್ತು. ಡ್ರೈವರ ಬಾಗಿಲಿಗೆ ಬಂದು ಯಾರ ಮುಖವನ್ನೂ ನೋಡದೆ ನಿಂತ.

“ಗೇಟಾ?” ಎಂದು ಕೇಳಿದಳು ಅಜ್ಜಿ.

“ಅಳಿಸ್ಬೇಡಿ ರೀ ಅವರನ್ನ,” ಎಂದು ಹಿಂದಿನಿಂದ ಸೊಸೆ ಅವನ ಬೆನ್ನಿಗೆ ಗುದ್ದಿದಳು. “ನೂರ ಇಪ್ಪತ್ತಾರು ಅತ್ತೆ! ಸ್ಟೇರಿಂಗ್ ಇವರದ್ದೇ. ಆದ್ರೆ ಮಾತ್ರೆ, ಊಟ, ನಡಿಗೆ ಯಾವುದೂ ಬಿಡೋ ಹಾಗಿಲ್ಲ, ಮೂರು ತಿಂಗಳಿಗೊಮ್ಮೆ ಪರೀಕ್ಷೆ ಅಂದ್ರು ಡಾಕ್ಟರಮ್ಮ. ಇನ್ನೊಂದು ಮಾತೂ ಹೇಳಿದ್ರು, ಈ ಪ್ಯಾಂಟ್ ಹೊಲಿದ ಟೈಲರನ್ನ ಬದಲಾಯಿಸಿ ಅಂತ.”

ಆಮೇಲೆ ಯಾರು ಯಾರನ್ನು ತಬ್ಬಿಕೊಂಡರು, ಯಾರು ಅತ್ತರು ಎಂಬುದಕ್ಕೆ ಲೆಕ್ಕವಿಲ್ಲ. ಅಜ್ಜಿ ಅತ್ತಳು, ಅದಂತೂ ಖಂಡಿತ. ಅಳುತ್ತಲೇ ಸೌತೆಕಾಯಿ ಹೆಚ್ಚಲು ಕೂತಳು.

ತಾತ ಮಷೀನಿನ ಹೊದಿಕೆ ತೆಗೆದ. ಚೆಕಿಂಗ್ ತಡೆಯಲಿಲ್ಲ.

“ಬಾ ಇಲ್ಲಿ,” ಎಂದ ಮಗನಿಗೆ. ಕೊರಳಿನಿಂದ ಟೇಪು ತೆಗೆದ. ಇಷ್ಟು ವರ್ಷ ಕಣ್ಣಳತೆಯಲ್ಲೇ ಹೊಲಿದವನು ಮಗನ ಸೊಂಟಕ್ಕೆ ಟೇಪು ಹಿಡಿದದ್ದು ಮದುವೆಯ ಪ್ಯಾಂಟಿನ ನಂತರ ಇದೇ ಮೊದಲು. ಎರಡೂ ಕೈ ಬಳಸಿ ಹಿಂದಿನಿಂದ ಟೇಪು ತರುವಾಗ ತಾತನ ಕೆನ್ನೆ ಮಗನ ಎದೆಗೆ ತಾಗಿತು. ಸ್ವಲ್ಪ ಹೊತ್ತು ಹಾಗೇ ಇದ್ದ. ಟೇಪಿನ ತುದಿ ಸಿಗಲಿಲ್ಲವೇನೋ ಎಂದು ನಾವು ಅಂದುಕೊಳ್ಳೋಣ.

“ಮೂವತ್ತೆಂಟು,” ಎಂದ. “ಎದೆ ತಟ್ಕೊಂಡು ಹೇಳ್ಬಹುದು.”

ಪ್ಯಾಂಟಿನ ಹಳೆಯ ಹೊಲಿಗೆಯನ್ನು ಈ ಸಲ ನಿಜವಾಗಿ ಬಿಚ್ಚಿ, ಹೊಸ ಗೆರೆಯಲ್ಲಿ ಹೊಲಿದ. ಒಳಗಿನ ಬಿಳಿ ಬಟ್ಟೆಯನ್ನು ಕಿತ್ತು, ಕೆಂಪು ದಾರದಲ್ಲಿ ಮೂವತ್ತೆಂಟು ಎಂದು ಹೊಲಿದ ಹೊಸ ತುಂಡು ಕೂರಿಸಿದ. ಒಳಗೆ ಉಳಿದ ಬಟ್ಟೆ ಈಗ ಎರಡು ಬೆರಳಗಲ ಇತ್ತು. ಅದನ್ನು ಇಸ್ತ್ರಿ ಮಾಡಿ ಮಡಚಿಡುವುದೇ ಟೈಲರರ ರೂಢಿ. ತಾತ ಅದನ್ನು ಹೆಬ್ಬೆರಳಿನಲ್ಲಿ ಒಮ್ಮೆ ಸವರಿದ. ಆಮೇಲೆ ದೊಡ್ಡ ಕತ್ತರಿ ಕೈಗೆತ್ತಿಕೊಂಡ.

“ಅಪ್ಪಾ, ಕತ್ತರಿಸಿದ್ರೆ ವಾಪಸ್ ಬರಲ್ಲ,” ಎಂದ ಡ್ರೈವರ.

“ಗೊತ್ತು.”

ಕತ್ತರಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಲ್ಲದೆ ಹೋಯಿತು. ಉದ್ದನೆಯ ಎರಡು ಖಾಕಿ ಪಟ್ಟಿ ನೆಲಕ್ಕೆ ಬಿದ್ದವು. ಅಜ್ಜಿ ಬಗ್ಗಿ ಎತ್ತಿಕೊಂಡು, “ಬಿಸಿ ಪಾತ್ರೆ ಹಿಡಿಯೋಕೆ ಆಯ್ತು,” ಎಂದು ಅಡುಗೆಮನೆಗೆ ಒಯ್ದಳು.

ಮಾರನೇ ದಿನ ಬೆಳಿಗ್ಗೆ ಎಂಟೂಕಾಲಿಗೆ ಬೀದಿಯಲ್ಲಿ ಎರಡು ಸಲ ಹಾರ್ನ್ ಕೇಳಿತು. ಅನ್ನದ ಪಾತ್ರೆ ಇಳಿಸುತ್ತಿದ್ದ ಅಜ್ಜಿ ಹಾಗೇ ಕಿಟಕಿಗೆ ಓಡಿದಳು. ಬಸ್ಸಿನವರೆಲ್ಲ ಕತ್ತೆತ್ತಿ ನೋಡಿದರು. ಅವಳ ಕೈಯಲ್ಲಿ ಎರಡು ಖಾಕಿ ಪಟ್ಟಿ ಹಾರಾಡುತ್ತಿದ್ದವು.

“ಏನಮ್ಮ ಅದು?” ಎಂದು ಕಂಡಕ್ಟರ ಬಾಗಿಲಿಂದ ಕೂಗಿದ.

“ನನ್ನ ಮಗನ ಹೊಟ್ಟೆ!” ಎಂದಳು ಅಜ್ಜಿ.